ಅಳಿಸಬಾರದ ಮೂಲೆ

ಬೋರ್ಡ್ ಒರೆಸುತ್ತಿದ್ದವಳ ಕೈ ಅರ್ಧದಲ್ಲೇ ನಿಂತಿತು. ‘ಅಳಿಸಬೇಡಿ’ ಎಂದು ಬರೆದು ಗೆರೆ ಹಾಕಿದ್ದ ಮೂಲೆಯೂ ಒದ್ದೆ ಬಟ್ಟೆಗೆ ಹೋಗಿಬಿಟ್ಟಿತ್ತು. ಕೋಣೆ ಗುಡಿಸಿ ಒರೆಸುತ್ತಾ ಎಂಟು ತಿಂಗಳು ಅದನ್ನು ಜೋಪಾನ ಮಾಡಿದವಳು ಇವತ್ತು ಮೈಮರೆತಿದ್ದಳು. ಬೋರ್ಡಿನ ಒಡೆಯ, ಆ ಕೋಣೆಯ ವಿಜ್ಞಾನಿ, ನಾಳೆ ಕೆಲಸ ಬದಲಿಸಿ ಬೇರೆ ಊರಿಗೆ ಹೋಗುತ್ತಾನಂತೆ. ಬೆಳಗಿನಿಂದ ತಲೆಯಲ್ಲಿ ಅದೊಂದೇ.

ದಿನಾ ನೋಡಿ ಕಣ್ಣಿಗೆ ಅಂಟಿದ್ದ ಆ ಸಮೀಕರಣದ ಸೊಟ್ಟ ಅಕ್ಷರಗಳನ್ನು ಚಿತ್ರ ಬಿಡಿಸಿದ ಹಾಗೆ ಮತ್ತೆ ಬರೆದಳು.

ಅವನು ಬಂದವನೇ ನಕ್ಕ. “ಡಸ್ಟರ್ ಮೇಡಂ, ನನ್ನ ಕೈಬರಹ ಇಷ್ಟು ಚೆನ್ನಾಗಿರಲ್ಲ.”

“ತಪ್ಪಾಯ್ತು ಸಾರ್. ಬೈದುಬಿಡಿ.”

“ಬೈಯೋಕೆ ಬರಲ್ಲ. ಎಲ್ಲ ಸರಿ ಇದೆ, ಕೊನೇ ತುಂಡೊಂದು ಬಿಟ್ಟಿದ್ದೀರಿ.” ಅವಳ ಬೆರಳಿಗೆ ತಾಗದಂತೆ ಸೀಮೆಸುಣ್ಣ ತೆಗೆದುಕೊಳ್ಳಲು ಹೋದ. ತಾಗಿತು. ಬಿಟ್ಟ ತುಂಡನ್ನು ತಾನೇ ಬರೆದು ಸೇರಿಸಿದ.

“ಏನದು ಸಾರ್?”

“ನ್ಯೂಟ್ರಿನೊ ಅಂತ ಸಣ್ಣ ಕಣ. ಮೂರು ಬಗೆ. ಹೋಗ್ತಾ ಹೋಗ್ತಾ ಒಂದು ಇನ್ನೊಂದಾಗುತ್ತೆ. ಒಂಟಿಯಾಗಿದ್ರೆ ತನ್ನ ಪಾಡಿಗೆ ತಾನು ಬದಲಾಗುತ್ತೆ. ದೊಡ್ಡ ನಕ್ಷತ್ರ ಸಿಡಿಯುವಾಗ ಮಾತ್ರ ಒಳಗೆ ವಿಪರೀತ ನೂಕುನುಗ್ಗಲು. ಅಲ್ಲಿ ಪಕ್ಕದ್ದು ಹೇಗೋ ಇದೂ ಹಾಗೆ, ಒಂದನ್ನೊಂದು ಬಿಟ್ಟು ಬದಲಾಗಲ್ಲ. ನೀವು ಬಿಟ್ಟಿದ್ದು ಆ ಪಕ್ಕದವರ ಲೆಕ್ಕ.”

“ಮೊದಲು ಯಾವುದು ಬದಲಾಗುತ್ತೆ?”

“ಹೇಳೋಕಾಗಲ್ಲ. ಚೂರು ವಾಲಿದ್ರೆ ಸಾಕು. ಆಮೇಲೆ ಯಾರ ಕೈಯಲ್ಲೂ ಇರಲ್ಲ.”

ಇದನ್ನು ಅವನು ಬೋರ್ಡ್ ನೋಡಿಕೊಂಡು ಹೇಳಲಿಲ್ಲ. ಅವಳು ಬಕೆಟ್ಟಿನ ಹಿಡಿಯನ್ನೇ ನೋಡುತ್ತಿದ್ದಳು. ಬಾಯಿ ತೆರೆದರೆ ಮಾತಿಗಿಂತ ಮೊದಲು ಅಳು ಬರುತ್ತಿತ್ತು.

“ನೆಲ ಒದ್ದೆ ಇದೆ ಸಾರ್, ಹುಷಾರು,” ಎಂದಳು. ಅಷ್ಟೇ ಆಯಿತು ಅವಳ ಕೈಲಿ.

ಹೋಗುವಾಗ ಅವನು ವಿಳಾಸ ಬರೆದ ಲಕೋಟೆಯೊಂದನ್ನು ಕೊಟ್ಟ. “ಆ ಮೂಲೆ ಅಳಿಸೋ ದಿನ ಒಂದು ಕಾಗದ ಹಾಕಿ.”

ಅಳಿಸಿದರೆ ತಾನೇ! ಐದು ತಿಂಗಳು ಲಕೋಟೆ ದಿಂಬಿನ ಕೆಳಗೇ ಇತ್ತು.

“ಅದಕ್ಕೇನು ಕಾವು ಕೊಡ್ತಿದ್ದೀಯೇನೇ? ಮರಿ ಬರಲ್ಲ ಕಣೇ,” ಎಂದು ಅಕ್ಕ ಛೇಡಿಸಿದಳು.

“ಅವರೆಲ್ಲಿ, ನಾನೆಲ್ಲಿ ಅಕ್ಕ?”

“ವಿಳಾಸ ಕೊಟ್ಟೋನು ಅವನು ತಾನೇ? ಎಲ್ಲಿದ್ದಾನೆ ಅಂತ ಬರೆದೇ ಕೊಟ್ಟಿದ್ದಾನಲ್ಲ!”

ಮುಂದಿನ ಸೋಮವಾರ ಕೋಣೆಗೆ ಹೊಸಬರು ಬಂದರು. “ಬೋರ್ಡ್ ಪೂರ್ತಿ ಕ್ಲೀನ್ ಮಾಡಮ್ಮ,” ಎಂದರು. ಬೇಡ ಎನ್ನಲು ಅವಳು ಯಾರು? ಬಟ್ಟೆ ಹಿಂಡಿ ಒರೆಸಿದಳು. ಕೊನೆಯ ತುಂಡಿನ ಹತ್ತಿರ ಬಂದಾಗ ಬಟ್ಟೆ ಬಿಟ್ಟು ಬೆರಳಿನಿಂದಲೇ ನಿಧಾನವಾಗಿ ಒರೆಸಿದಳು.

ಊಟದ ಬಿಡುವಿನಲ್ಲಿ ಮೆಟ್ಟಿಲ ಮೇಲೆ ಕೂತು ಬರೆದಳು:

‘ಬೋರ್ಡ್ ಅಳಿಸಿದೆ. ಅವತ್ತು ಬಿಟ್ಟ ತುಂಡನ್ನು ಕೆಳಗೆ ಬರೆದಿದ್ದೇನೆ, ಸರಿ ಇದೆಯಾ ನೋಡಿ. ನಾನು ವಾಲಿ ಬಹಳ ದಿನವಾಯಿತು. ನೀವು?’

ರಸ್ತೆಯಾಚೆಯ ಅಂಚೆಡಬ್ಬಿಯ ಬಾಯಲ್ಲಿ ಕೈ ಒಂದು ಗಳಿಗೆ ಸಿಕ್ಕಿಕೊಂಡಂತಾಯಿತು. ಆಮೇಲೆ ಬಿಟ್ಟಳು. ಕಾಗದ ತಳಕ್ಕೆ ಬಿದ್ದ ಸದ್ದು ಕೇಳಿಸಿತು. ಹೊರಬಂದ ಬೆರಳ ತುದಿಯಲ್ಲಿ ಸೀಮೆಸುಣ್ಣದ ಪುಡಿ ಇನ್ನೂ ಅಂಟಿತ್ತು.