ಅಪ್ಪನ ಫೈಲಿನಲ್ಲಿ ಅವನ ಹೆಸರು

"ಇದನ್ನ ಬದ್ಲಾಯಿಸಿದ್ದು ನೀನೇನಾ?"

ಗಗನ ಕಂಪ್ಯೂಟರ್ ಪರದೆಯ ಮೇಲೆ ಬೆರಳಿಟ್ಟು ಕೇಳಿದಳು. ಮಂಡ್ಯದ ಆ ಖಾಸಗಿ ಆಸ್ಪತ್ರೆಯ ಕೋಡಿಂಗ್ ಕೋಣೆಯಲ್ಲಿ ಅವರಿಬ್ಬರೇ ಇದ್ದರು.

ಲಿಂಗರಾಜು ತಲೆ ಎತ್ತಲಿಲ್ಲ.

"ಹೂಂ... ನಾನೇ."

ಅವನ ಹೆಸರಿನಲ್ಲಿ ಬೇರೆ ಯಾರೋ ತಿದ್ದಿರಬಹುದು ಎಂದು ಬೆಳಗಿನಿಂದ ತನಗೆ ತಾನೇ ಹೇಳಿಕೊಂಡಿದ್ದಳು. ಅದೂ ಮುಗಿಯಿತು.

ಪರದೆಯಲ್ಲಿದ್ದದ್ದು ಅವಳ ಅಪ್ಪ ಮರಿಸಿದ್ದಯ್ಯನ ಫೈಲು. ರೋಗಿಯ ಕಾಯಿಲೆ ಏನೆಂದು ಡಾಕ್ಟರು ಬರೆದದ್ದನ್ನು ಓದಿ, ಅದಕ್ಕೆ ಸರಿಯಾದ ಕೋಡ್ ಹಾಕುವುದು ಅವಳ ಕೆಲಸ. ಅದನ್ನು ಪರಿಶೀಲಿಸುವುದು ಲಿಂಗರಾಜುವಿನ ಕೆಲಸ. ಅಪ್ಪನಿಗೆ ಅವಳು ಹಾಕಿದ್ದು ಎಂ 10.1, ಅಂದರೆ ಸೀಸದಿಂದ ಬಂದ ಗೌಟ್, ಕೀಲು ಊದುವ ಕಾಯಿಲೆ. ಈಗ ಅಲ್ಲಿದ್ದದ್ದು ಎಂ 10.9. ಕಾರಣ ಹೇಳದ ಬರೀ ಗೌಟ್! ಪಕ್ಕದಲ್ಲಿ ತಿದ್ದಿದವನ ಹೆಸರು, ತಿದ್ದಿದ ದಿನ. ಸೋಮವಾರ.

ಇವತ್ತು ಗುರುವಾರ.

"ಮೂರ್ ದಿನ ನನ್ ಡಬ್ಬಿಯಿಂದ ರೊಟ್ಟಿ ಮುರ್ಕೊಂಡ್ ತಿಂದ್ಯಲ್ಲೋ... ಒಂದ್ ಸಲನಾದ್ರೂ ಬಾಯ್ ಬಿಟ್ಯಾ?"

"ಡಾಕ್ಟ್ರು ಬರ್ದಿರೋದು ಗೌಟ್ ಅಂತ ಅಷ್ಟೇ ಗಗನಾ. ರಕ್ತದ ರಿಪೋರ್ಟಲ್ಲಿ ಸೀಸ ಜಾಸ್ತಿ ಅದೆ ಅಂತ ನಾವೇ ಕಾರಣ ಹಾಕಂಗಿಲ್ಲ. ಅದೂ ಸ್ವಂತ ಅಪ್ಪನ ಫೈಲು..."

"ನಂಗೇ ಪಾಠ ಹೇಳ್ತೀಯಾ? ನಾಳೆ ಫೈಲು ಪರಿಹಾರದ ಅರ್ಜಿ ಜೊತೆ ಕಾರ್ಮಿಕ ಇಲಾಖೆಗೆ ಓಯ್ತದೆ ಅಂತ ನಿಂಗೆ ಗೊತ್ತಿಲ್ವಾ?"

ಅವನು ಗಡಿಯಾರ ನೋಡಿದ. ಬ್ಯಾಗು ಹೆಗಲಿಗೇರಿಸಿ, "ನಂಗೆ ಅರ್ಧ ದಿನ ರಜೆ" ಎಂದು ಹೊರಟೇ ಹೋದ!

ಕೋಡಿಂಗ್ ಕಲಿತ ಸಂಜೆ ಕೋರ್ಸಿನಲ್ಲಿ ಅವಳೊಂದಿಗೆ ಒಂದೇ ಪುಸ್ತಕ ಹಂಚಿಕೊಂಡು ಓದಿದವನು. ಮದುವೆಯ ಮಾತಾದ ದಿನ ಅಪ್ಪನನ್ನು 'ಮಾವ' ಎಂದು ಕರೆದವನು. ಅವನೇ ಹೀಗೆ ಮಾಡಿದರೆ...?

ಮರಿಸಿದ್ದಯ್ಯ ಹೆದ್ದಾರಿ ಬದಿಯ ಒಂದು ಶೆಡ್ಡಿನಲ್ಲಿ ಹದಿನಾಲ್ಕು ವರ್ಷ ಹಳೇ ಬ್ಯಾಟರಿಗಳ ಸೀಸ ಕರಗಿಸಿದ್ದ. ಕೀಲುಗಳು ಊದಿದಾಗ ಅಲ್ಲಿನ ಮೇಸ್ತ್ರಿ ಎಲ್ಲರೆದುರು ನಕ್ಕಿದ್ದ. "ಕುಡ್ದು ಕುಡ್ದು ಬಂದಿರೋ ಕಾಯ್ಲೆ ಕಣ್ಲಾ!" ಹೆಂಡವನ್ನು ಮುಟ್ಟದ ಮನುಷ್ಯ, ಅಂದಿನಿಂದ ಟೀ ಅಂಗಡಿಗೂ ಹೋಗುತ್ತಿರಲಿಲ್ಲ.

ಸಂಜೆ ಮದ್ದೂರಿನ ಮನೆಗೆ ಬಂದವಳ ಮುಖ ನೋಡಿಯೇ ಅಪ್ಪ ಕೇಳಿದ.

"ಯಾಕವ್ವಾ, ಮೊಕ ಸಪ್ಪಗದೆ?"

"ಲಿಂಗ್ರಾಜು ನಿನ್ ಫೈಲಿಂದ ಸೀಸ ತೆಗ್ದವ್ನೆ ಅಪ್ಪಾ..."

ಅವನು ಊದಿದ ಬಲಗಾಲನ್ನು ಮೆಲ್ಲಗೆ ಹಾಸಿಗೆಯ ಮೇಲೆ ಎಳೆದುಕೊಂಡ.

"ಅಂಗಾರೆ ನಾನು ಕುಡುಕ ಅಂತ್ಲೇ ಆಯ್ತು ಅನ್ನು." ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದ. "ಆ ಹುಡ್ಗನ್ನ ಒಳ್ಳೇವ್ನು ಅನ್ಕಂಡಿದ್ದೆ. ಬುಡು."

ಊಟಕ್ಕೂ ಏಳಲಿಲ್ಲ.

ಗಗನ ಮೊಬೈಲು ತೆಗೆದಳು. 'ಮದುವೆ ಮಾತು ಇಲ್ಲಿಗೆ ಸಾಕು.' ಎರಡು ಸಲ ಅಳಿಸಿ, ಮೂರನೇ ಸಲ ಕಳಿಸಿಯೇ ಬಿಟ್ಟಳು. ಉತ್ತರ ಬರಲಿಲ್ಲ. ಉತ್ತರ ಬರಲಿಲ್ಲವೆಂದು ಅಳು ಬಂದದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು!

ಮರುದಿನ ಆಸ್ಪತ್ರೆಗೆ ಕಾಲಿಡುತ್ತಿದ್ದಂತೆ ಡಾಕ್ಟರ್ ಮೇಧಾ ಕರೆದರು. ಅಪ್ಪನನ್ನು ನೋಡಿದ್ದ ಡಾಕ್ಟರು ಅವರೇ.

"ಇದನ್ನ ಓದಮ್ಮ."

ಅವರದೇ ಕೈಬರಹ. ಬಹಳ ವರ್ಷ ಸೀಸದ ಹೊಗೆ ಒಳಹೋಗಿ ಮೂತ್ರಪಿಂಡಕ್ಕೆ ಪೆಟ್ಟಾಗಿದೆ, ಅದರಿಂದಲೇ ಗೌಟ್ ಬಂದಿದೆ. ಕೆಳಗೆ ಸಹಿ.

"ಸೋಮವಾರವೇ ಲಿಂಗರಾಜು ಗೌಟಿಗೆ ಕಾರಣ ಏನು ಅಂತ ನನಗೆ ಪ್ರಶ್ನೆ ಕಳಿಸಿದ್ದ. ನಾನು ಇಲ್ಲಿಗೆ ರಜೆ ಹಾಕಿದ್ದೆ, ನೋಡಿರಲಿಲ್ಲ. ನಿನ್ನೆ ಮಳವಳ್ಳಿಯ ನನ್ನ ಸ್ವಂತ ಕ್ಲಿನಿಕ್ಕಿಗೇ ಬಂದು ಮೂರು ಗಂಟೆ ಬೆಂಚಿನ ಮೇಲೆ ಕೂತಿದ್ದ! ಕೋಡ್ ಹಾಕೋರು ಡಾಕ್ಟರಿಗೆ ಕಾರಣ ಹೇಳಿಕೊಡೋ ಹಾಗಿಲ್ಲವಲ್ಲ, ಸೀಸ ಅಂತ ಅವನ ಬಾಯಿಂದ ಬರಲೇ ಇಲ್ಲ. ರಿಪೋರ್ಟ್ ಮುಂದಿಟ್ಟು, 'ಕಾರಣ ಏನಾದ್ರೂ ಇದ್ರೆ ನೀವೇ ನೋಡಿ ಬರೀರಿ ಮೇಡಂ' ಅಂದ. ಬೆಳಿಗ್ಗೆ ನಿಮ್ಮಪ್ಪನಿಗೆ ಫೋನ್ ಮಾಡಿ ಕೆಲಸದ ವಿಷಯ ಕೇಳ್ಕೊಂಡೆ. ಮೊದಲೇ ಕೇಳಬೇಕಿತ್ತು. ತಪ್ಪು ನಂದು."

ಗಗನ ಕೋಡಿಂಗ್ ಕೋಣೆಗೆ ಓಡಿದಳು. ಅಪ್ಪನ ಫೈಲಿನಲ್ಲಿ ಮತ್ತೆ ಎಂ 10.1 ಬಂದಿತ್ತು. ಲಿಂಗರಾಜು ಕುರ್ಚಿಯಿಂದ ಎದ್ದು ನಿಂತ. ನಿದ್ದೆಯಿಲ್ಲದ ಕಣ್ಣು.

"ಯಾಕ್ ಹೇಳ್ಲಿಲ್ಲ?"

"ಹೇಳಿದ್ರೆ ನೀನೇ ಡಾಕ್ಟ್ರ ತಾವ ಓಯ್ತಿದ್ದೆ. ಆಸ್ಪತ್ರೇಲಿರೋ ಮಗಳೇ ಬರೆಸ್ಕಂಡ್ಲು ಅಂತ ಶೆಡ್ಡಿನವ್ರು ಒಂದೇ ಮಾತಲ್ಲಿ ತಳ್ಳಾಕ್ಬುಡೋರು. ನಿನ್ ಕೈ ಇದ್ರಲ್ಲಿ ಇರ್ಬಾರ್ದು ಅನ್ಕಂಡೆ."

"ನಿನ್ನೆ ನಾನು ಕೇಳ್ದಾಗ?"

ಅವನ ದನಿ ಇಳಿಯಿತು. "ಡಾಕ್ಟ್ರು ಬರೆಯಲ್ಲ ಅಂದ್ಬುಟ್ರೆ? ನಿನ್ನ ಕಳ್ಕಂಡ್ಬುಡ್ತೀನಿ ಅಂತ ಭಯ ಆಯ್ತು ಕಣೆ. ಮುಚ್ಚಿಟ್ಟಿದ್ದು ತಪ್ಪೇ."

"ಅಪ್ಪ ಊಟ ಬಿಟ್ಟು ಮಲಗಿತ್ತು ಲಿಂಗ್ರಾಜು... ನಿಂಗೋಸ್ಕರ ನಾನೂ ಅತ್ತೆ. ನಂಗಿನ್ನೂ ಕೋಪ ಓಗಿಲ್ಲ."

"ಓಗೋದು ಬ್ಯಾಡ. ನೀನು ಓಗ್ಬೇಡ, ಅಷ್ಟೇ."

ಅವಳ ಕಣ್ಣು ತುಂಬಿ ಬಂತು. ಅವನು ಚಾಚಿದ ಕೈಯನ್ನು ತಡವಾಗಿಯೇ, ಆದರೆ ಗಟ್ಟಿಯಾಗಿ ಹಿಡಿದುಕೊಂಡಳು.

"ಸಂಜೆ ಬಂದು ಮಾವನ ಕಾಲಿಗ್ ಬಿದ್ದು ತಪ್ಪಾಯ್ತು ಅಂತೀನಿ."

"ಬೀಳು... ಬಲಗಾಲು ಮಾತ್ರ ಮುಟ್ಬೇಡ. ಊದ್ಕಂಡದೆ, ಅಪ್ಪ ಅಲ್ಲೇ ಒದ್ಬುಡ್ತದೆ!"