ಮಾಸಿನ ಡಾಕ್ಟರ್

"ಮಾಸಿನ ಡಾಕ್ಟರ್! ಮಾಸಿನ ಡಾಕ್ಟರ್!"

ಅನಿಲಕುಮಾರ ಮೂಗು ಹಿಡಿದುಕೊಂಡು ಕುಣಿಯುತ್ತಿದ್ದ. ಅವನ ಹಿಂದೆ ಅರ್ಧ ಕ್ಲಾಸು ನಗುತ್ತಿತ್ತು. ಕೋಮಲ ಅವನ ಬ್ಯಾಗು ಕಸಿದು ನೆಲಕ್ಕೆ ಒಗೆದಳು.

"ಇನ್ನೊಮ್ಮಿ ಅನ್ನು, ನೋಡ್ತೇನಿ!"

ಮರುದಿನ ಶಾಲೆಯಲ್ಲಿ ವಿಜ್ಞಾನ ದಿನ. ಐದನೇ ಕ್ಲಾಸಿನವರು ಒಬ್ಬೊಬ್ಬ ವಿಜ್ಞಾನಿಯ ಬಗ್ಗೆ ಸ್ಟೇಜ್ ಮೇಲೆ ಮಾತಾಡಬೇಕು. ಎಲ್ಲರೂ ಪುಸ್ತಕದಲ್ಲಿದ್ದವರ ಹೆಸರು ಕೊಟ್ಟಿದ್ದರು. ಕೋಮಲ ಮಾತ್ರ ಅಪ್ಪನ ತಂಗಿ ಯಲ್ಲವ್ವತ್ತಿಯ ಹೆಸರು ಕೊಟ್ಟಿದ್ದಳು. ಅತ್ತಿ ಪುಣೆಯ ಒಂದು ಲ್ಯಾಬಿನಲ್ಲಿ ವಿಜ್ಞಾನಿ. ಹೆರಿಗೆಯಾದಾಗ ಕೂಸಿನ ಹಿಂದೆ ಹೊರಗೆ ಬರುತ್ತದಲ್ಲ ಮಾಸು, ಅದರ ಮೇಲೆಯೇ ಅವಳ ಸಂಶೋಧನೆ.

ಗದ್ದಲ ಕೇಳಿ ಗುರುಲಿಂಗಪ್ಪ ಸರ್ ಬಂದರು. ಕೋಮಲಳನ್ನು ಪಕ್ಕಕ್ಕೆ ಕರೆದರು.

"ನೋಡವ್ವಾ, ನಾಳೆ ಊರ ಮಂದಿ ಎಲ್ಲಾ ಬರ್ತಾರ. ಮಾಸು ಗೀಸು ಅಂತ ಮೈಕಿನ್ಯಾಗ ಹೇಳೂದು ಛಂದ ಕಾಣೂದಿಲ್ಲ. 'ನಮ್ಮ ಅತ್ತಿ ಡಾಕ್ಟರ್, ರೋಗಿಗಳನ್ನ ನೋಡ್ತಾರ' ಅಂದು ಇಳದ್ ಬಿಡು."

"ಅಕಿ ಆ ಡಾಕ್ಟರ್ ಅಲ್ರೀ ಸರ್."

"ಇರ್ಲಿ ಬಿಡು, ಯಾರಿಗ್ ಗೊತ್ತಾಗ್ತೈತಿ?"

ಸಂಜೆ ಕೋಮಲ ಅಪ್ಪನ ಫೋನು ಹಿಡಿದು ಮಾಳಿಗೆ ಹತ್ತಿ ಅತ್ತಿಗೆ ವಿಡಿಯೋ ಕಾಲ್ ಮಾಡಿದಳು.

"ಅತ್ತಿ, ನೀ ಬ್ಯಾರೆ ಏನರ ಕಲೀಬೇಕಿತ್ತು!" ಎಂದು ಸಿಟ್ಟಿನಿಂದ ಎಲ್ಲವನ್ನೂ ಹೇಳಿದಳು.

ಅತ್ತಿ ಬೈಯಲಿಲ್ಲ. ಜೋರಾಗಿ ನಕ್ಕಳು.

"ನಮ್ಮ ಪ್ರೊಫೆಸರೂ ಹಂಗ ಅಂದಿದ್ರು, ಸ್ವಚ್ಛ ವಿಷಯ ಯಾವುದರ ತಗೋ ಅಂತ. ದವಾಖಾನ್ಯಾಗ ಮಾಸು ಒಯ್ಯಾಕ ನಾ ಐಸಿನ ಡಬ್ಬಿ ಹಿಡಕೊಂಡು ನಿಂತ್ರ ಕೆಲಸದವರು ಮೂಗು ಮುರೀತಿದ್ರು. ನಾ ಜಗ್ಗಲಿಲ್ಲ."

"ಯಾಕ?"

"ಮಾಸು ಐತಲ್ಲ, ಹೊಟ್ಯಾಗಿನ ಕೂಸಿಗೆ ಉಸಿರು ಕೊಡೂದು ಅದ, ಊಟ ಕೊಡೂದೂ ಅದ. ಅದು ಸರಿ ಬೆಳೀಲಿಲ್ಲಂದ್ರ ತಾಯಿಗೆ ಬಿಪಿ ಏರತೈತಿ, ಫಿಟ್ಸ್ ಬರ್ತಾವ. ಮಂದಿ ದೆವ್ವ ಬಡದೈತಿ ಅಂತಾರ. ಹಂಗ್ಯಾಕ ಆಗ್ತೈತಿ ಅಂತ ನಾ ಹುಡುಕಾಕತ್ತೇನಿ. ಸ್ವಲ್ಪ ಸಿಕ್ಕೈತಿ, ಪೂರಾ ಸಿಕ್ಕಿಲ್ಲ."

"ಇಷ್ಟ್ ವರ್ಷಾದ್ರೂ?"

"ಇಷ್ಟ್ ವರ್ಷಾದ್ರೂ. ನಾಳೆ ನೀ ಬೇಕಾದ್ದು ಹೇಳು ಕೋಮಲ. ಆದ್ರ ನನ್ನ ಹೆಸರಿನ್ಯಾಗ ಸುಳ್ಳು ಹೇಳಬ್ಯಾಡ."

ಮರುದಿನ ಶಾಮಿಯಾನದ ಕೆಳಗೆ ಜಾಗವೇ ಇರಲಿಲ್ಲ. ಹೆಂಗಸರ ನಡುವೆ ಕೋಮಲಳ ಆಯಿ, ಅಂದರೆ ಯಲ್ಲವ್ವತ್ತಿಯ ತಾಯಿ, ಸೆರಗು ಹೊದ್ದು ಕುಳಿತಿದ್ದಳು.

"ನಮ್ಮ ಅತ್ತಿ ಡಾಕ್ಟರ್ ಯಲ್ಲವ್ವ," ಕೋಮಲ ಮೈಕು ಹಿಡಿದು ಹೇಳಿದಳು. "ಅಕಿ ಮಾಸಿನ ಬಗ್ಗೆ ಸಂಶೋಧನಾ ಮಾಡ್ತಾಳ."

ಎಲ್ಲರೂ ಗೊಳ್ಳೆಂದು ನಕ್ಕರು. ಸರ್ ಕೈಸನ್ನೆ ಮಾಡಿದರು, ಸಾಕು, ಇಳಿ ಎಂದು.

ಕೋಮಲ ಇಳಿಯಲಿಲ್ಲ. ಮೈಕನ್ನು ಇನ್ನೂ ಬಿಗಿಯಾಗಿ ಹಿಡಿದಳು.

"ನಗ್ರಿ! ನಕ್ಕವರೆಲ್ಲಾ ಹುಟ್ಟೂಕಿಂತ ಮೊದಲ ಅದರಿಂದನ ಉಂಡೀರಿ. ಅನಿಲಕುಮಾರ, ನೀನೂ! ನಮ್ಮ ಸರ್ ಸೈತ!"

ಈ ಸಲದ ನಗು ಬೇರೆ ತರಹದ್ದು. ಹೆಂಗಸರು ಬಾಯಿಗೆ ಸೆರಗು ಹಿಡಿದು ಬಿದ್ದುಬಿದ್ದು ನಕ್ಕರು. ಸರ್ ಕನ್ನಡಕ ತೆಗೆದು ಒರೆಸತೊಡಗಿದರು. ನಗು ನಿಂತ ಮೇಲೆ ಕೋಮಲ ಬಿಪಿಯ ಮಾತು, ಫಿಟ್ಸಿನ ಮಾತು ಎರಡನ್ನೂ ಹೇಳಿದಳು.

"ಅದು ದೆವ್ವ ಅಲ್ಲ, ರೋಗ. ಯಾರ ತಪ್ಪೂ ಅಲ್ಲ. ಬಸುರಾದವರು ಬಿಪಿ ತೋರಿಸ್ಕೋತ ಇರ್ರಿ," ಎಂದು ಹೇಳಿಯೇ ಇಳಿದಳು.

ಭಾಷಣದ ಬಹುಮಾನ ಅನಿಲಕುಮಾರನಿಗೆ ಬಂತು. ಬರಲಿ ಬಿಡು, ಅಂದುಕೊಂಡಳು ಕೋಮಲ.

ಮನೆಗೆ ಹೋಗುವಾಗ ಆಯಿ ಹುಣಸೆಮರದ ಕೆಳಗೆ ತಟ್ಟನೆ ನಿಂತಳು.

"ಖರೇ ಹೇಳು. ಅದು ದೆವ್ವ ಅಲ್ಲ?"

"ಅಲ್ಲ ಆಯಿ. ಅತ್ತೀನ ಹೇಳ್ಯಾಳ."

"ನಿಮ್ಮ ಅತ್ತಿಗೆ ಒಬ್ಬಾಕಿ ಅಕ್ಕ ಇದ್ಲು, ದುರ್ಗವ್ವ. ಬಸುರಿದ್ದಾಗ ಕೈಕಾಲು ಸೆಟದು ಸತ್ಲು. ಅವತ್ತು ಮಟಮಟ ಮಧ್ಯಾಹ್ನ ಅಕೀನ್ನ ಹೊಲಕ್ಕ ಬುತ್ತಿ ಕೊಟ್ಟು ಕಳಿಸಿದಾಕಿ ನಾನ. ಹಡದ ತಾಯೀನ ಮಗಳನ್ನ ದೆವ್ವದ ಬಾಯಿಗೆ ಕೊಟ್ಲು ಅಂದ್ರು. ನಾನೂ ಹಂಗ ತಿಳಕೊಂಡಿದ್ನಿ."

ಆ ಹೆಸರನ್ನು ಕೋಮಲ ಮನೆಯಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಅತ್ತಿ ಯಾಕೆ ಜಗ್ಗಲಿಲ್ಲ ಎನ್ನುವುದು ಅವಳಿಗೆ ಈಗ ತಿಳಿಯಿತು. ಅವಳು ಆಯಿಯ ಕೈ ಹಿಡಿದಳು. ಆಯಿ ಕಣ್ಣು ಒರೆಸಿಕೊಂಡಳು. ಆದರೆ ಮನೆಯ ಕಡೆ ತಿರುಗಲಿಲ್ಲ.

"ಮೊದಲ ಹಂಗ ಅಂದಾಕಿ ಇನ್ನೂ ಅದಾಳ, ಊರ ಅಗಸಿ ಬಾಗಿಲ ಹತ್ರ. ನಡಿ ಅಲ್ಲಿಗೆ. ಸ್ಟೇಜಿನ ಮ್ಯಾಲ ಹೇಳಿದ್ದು ಅಲ್ಲೂ ಹೇಳು."

"ಜೋರ್ ಹೇಳ್ಲೇನ ಆಯಿ?"

"ಓಣಿಗೆಲ್ಲಾ ಕೇಳೂವಂಗ ಹೇಳು."