ಬಡವರೆಲ್ಲ ಎದ್ದು ನಿಲ್ಲಿ

"ಅಧ್ಯಕ್ಷರೇ, ಬೊಕ್ಕಸದಲ್ಲಿ ದುಡ್ಡಿಲ್ಲ!" ಅಂದಳು ಅಂಬುಜ. ಅವಳು ಟೇಬಲ್ಲು ಗುದ್ದಿದ ರಭಸಕ್ಕೆ ಇಂಕ್ ಬಾಟಲಿ ಕುಣಿಯಿತು.

ಲಷ್ಕರ್ ಮೊಹಲ್ಲಾದ ಆ ಶಾಲೆಯಲ್ಲಿ ಐದನೇ ಕ್ಲಾಸು ಅವತ್ತು ವಿಧಾನಸಭೆಯಾಗಿತ್ತು. ಅಂಬುಜ ಹಣಕಾಸು ಮಂತ್ರಿ. ಯಾರದೋ ಶಾಲನ್ನು ಪೇಟದಂತೆ ಸುತ್ತಿಕೊಂಡ ಮಹದೇವು ಅಧ್ಯಕ್ಷ. ಶಿವಲಿಂಗಯ್ಯ ಮೇಷ್ಟ್ರು ಹಿಂದಿನ ಬೆಂಚಿನಲ್ಲಿ ಕೂತು ನಗು ತಡೆಯುತ್ತಿದ್ದರು.

ಆಟವಾದರೂ ವಿಷಯ ನಿಜದ್ದೇ ಅನ್ನಿ. ಮಧ್ಯಾಹ್ನದ ಉಪ್ಪಿಟ್ಟಿಗೆ ಈ ತಿಂಗಳು ರವೆ ಕಮ್ಮಿ ಬಂದಿತ್ತು. "ಯಾರಿಗೆ ಬಡಿಸಬೇಕು ಅಂತ ನೀವೇ ತೀರ್ಮಾನ ಮಾಡಿ, ಹಾಗೇ ಮಾಡೋಣ," ಅಂದಿದ್ದರು ಮೇಷ್ಟ್ರು. ಅಂಬುಜ ಗೆಲ್ಲಲೇಬೇಕೆಂದು ಮನೆಯ ಎಮ್ಮೆಯ ಮುಂದೆ ಭಾಷಣ ಮಾಡಿ ಬಂದಿದ್ದಳು.

"ಬೀದರಿಂದ ಕೊಳ್ಳೇಗಾಲದವರೆಗೆ ಎಷ್ಟು ದೊಡ್ಡ ರಾಜ್ಯ ನಮ್ದು! ಎಲ್ರಿಗೂ ಕೊಟ್ರೆ ಖಜಾನೆ ಖಾಲಿ. ಬಡವರಿಗೆ ಮಾತ್ರ ಕೊಡ್ಬೇಕು!"

"ನೂರಕ್ಕೆ ಎಷ್ಟು ಜನ ಬಡವರು? ಲೆಕ್ಕ ಹೇಳಿ ಮಂತ್ರಿಗಳೇ!" ವಿರೋಧಪಕ್ಷದ ಸುಂದರೇಶ ಬೆಂಚು ಹತ್ತಿದ.

"ಕಾಲಿಗೆ ಚಪ್ಲಿ ಇಲ್ದೋರು ಬಡವರು!"

ಎಲ್ಲರೂ ಬಗ್ಗಿ ನೋಡಿಕೊಂಡರು. ಚಪ್ಪಲಿ ಇದ್ದವರೂ ಬಾಗಿಲಾಚೆ ಬಿಟ್ಟು ಬಂದಿದ್ದರು; ಇಡೀ ಸಭೆಯೇ ಬರಿಗಾಲು.

"ಹೋಗ್ಲಿ, ಮುದ್ದೆ ತಿನ್ನೋರು ಬಡವರು!"

"ನಾನೂ ಮುದ್ದೇನೇ ತಿನ್ನೋದು ಕಣಮ್ಮ," ಅಂದರು ಮೇಷ್ಟ್ರು. ಸಭೆ ಬಿದ್ದು ಬಿದ್ದು ನಕ್ಕಿತು.

ಅಷ್ಟರಲ್ಲಿ ಅಂಗಳದಿಂದ ಒಗ್ಗರಣೆಯ ಘಮ ಬಂತು. ಮಹದೇವು ಮೂಗರಳಿಸಿ ಕೂಗಿದ, "ಬಡವರೆಲ್ಲ ಎದ್ದು ನಿಲ್ಲಿ!"

ದಡಬಡ ಅಂತ ಕ್ಲಾಸೇ ಎದ್ದಿತು.

"ನಮ್ಮಪ್ಪಂಗೆ ಎರಡೇ ಅಂಗಡಿ ಸಾರ್!" ಅಂದ ಸುಂದರೇಶ.

"ನಮ್ಮ ಕಾರಿಗೆ ಹಾರನ್ನೇ ಇಲ್ಲ!" ಅಂದ ಲಕ್ಷ್ಮೀನರಸಿಂಹ.

ಪೇಟ ಜಾರಿ ಮೂಗಿಗೆ ಬಂದರೂ ಅಧ್ಯಕ್ಷನೂ ಎದ್ದು ನಿಂತ. ಅಂಬುಜ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಒಬ್ಬಳು ಮಾತ್ರ ಎದ್ದಿರಲಿಲ್ಲ. ಅಂಬುಜಳ ಪಕ್ಕ ಕೂರುವ ಬೆಟ್ಟಮ್ಮ. ಎಷ್ಟೋ ದಿನ ಬೆಳಗ್ಗೆ ಏನೂ ತಿನ್ನದೆ ಬರುತ್ತಿದ್ದವಳು ಅವಳು. ಅದು ಅಂಬುಜಳೊಬ್ಬಳಿಗೇ ಗೊತ್ತು. ಈಗ ಅವಳು ತಲೆ ಬಗ್ಗಿಸಿ, ಏನೂ ಬರೆಯದ ಸ್ಲೇಟನ್ನು ಒರೆಸುತ್ತಲೇ ಇದ್ದಳು.

"ಏಳೇ," ಎಂದು ಪಿಸುಗುಟ್ಟಿದಳು ಅಂಬುಜ.

"ನಂಗೆ ಅಸಿವಿಲ್ಲ ಕಣೇ."

ಅಂಬುಜಳ ನಗು ನಿಂತುಹೋಯಿತು.

"ಏನು ತೀರ್ಮಾನ ಮಂತ್ರಿಗಳೇ?" ಮೇಷ್ಟ್ರು ಕೇಳಿದರು.

"ಎಲ್ರಿಗೂ ಸಾರ್. ಸ್ವಲ್ಪ ಸ್ವಲ್ಪ ಆದ್ರೂ ಎಲ್ರಿಗೂ."

"ಸೋತ್ಬುಟ್ಲು! ಮಂತ್ರಿ ಸೋತ್ಬುಟ್ಲು ಕಣ್ರೋ!" ಸುಂದರೇಶ ಬೆಂಚಿನ ಮೇಲೇ ಕುಣಿದ.

ಬಾಗಿಲಿಗೆ ನುಗ್ಗುತ್ತಿದ್ದ ಗುಂಪಿನಲ್ಲಿ ಬೆಟ್ಟಮ್ಮನೇ ಎಲ್ಲರಿಗಿಂತ ಮುಂದಿದ್ದಳು, ಕೇಕೆ ಹಾಕುತ್ತಾ. ಅಂಬುಜ ಮೆಲ್ಲಗೆ ಹೋಗಿ ಸಾಲಿನ ಕೊನೆಯಲ್ಲಿ ನಿಂತಳು.